ಅಕ್ಕೋರ ನೀರಿನ ವಹಿ

ಕಳೆದ ತಿಂಗಳು ನಮ್ಮ ಅಕ್ಕೋರು ನಿವೃತ್ತರಾಗುತ್ತಾರೆ ಎಂಬ ಸುದ್ದಿ ಕೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗೋವಾದ ಡಿಚೋಲಿಯ ಆ ಹೈಸ್ಕೂಲಿನ ಪ್ರಯೋಗಾಲಯದ ಕಪಾಟಿನಲ್ಲಿ ನೀರಿನ ಲೆಕ್ಕ ಬರೆಯುವ ಒಂದು ದಪ್ಪ ವಹಿ ಇದೆ. ನಾನು ಹತ್ತನೆಯ ತರಗತಿಯಲ್ಲಿ ಮಾಡಿದ ತಪ್ಪೊಂದು ಅದರಲ್ಲಿ ನನ್ನ ಹೆಸರಿನ ಸಮೇತ ದಾಖಲಾಗಿದೆ. ಪ್ರತಿ ವರ್ಷ ಶಾಲೆ ಸುರುವಾದ ಮೊದಲ ವಾರವೇ ಅಕ್ಕೋರು ಆ ಪುಟ ತೆಗೆದು ಹೊಸ ಹುಡುಗಿಯರಿಗೆ ತೋರಿಸುತ್ತಾರೆ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬಜಾರಿನಲ್ಲಿ ಗುರುತಿಲ್ಲದ ಹುಡುಗಿಯರು ನನ್ನನ್ನು ಕಂಡು ಒಬ್ಬರನ್ನೊಬ್ಬರು ತಿವಿದು ನಗುವುದನ್ನು ಹದಿನೆಂಟು ವರ್ಷ ಸಹಿಸಿದ್ದೇನೆ. ಇನ್ನು ಆ ಪುಟ ತೆಗೆಯುವವರಿಲ್ಲ ಎಂದುಕೊಂಡು ಆ ದಿನ ಒಂದು ಕಪ್ ಚಹಾ ಹೆಚ್ಚಿಗೆ ಕುಡಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಬರಹದ ಕಾಗುಣಿತ ತಿದ್ದಿ ವಾಪಸು ಕಳಿಸಿಯಾರು ಎಂಬ ಹೆದರಿಕೆ ಇದೆ. ಶಾಲೆಯವರೆಲ್ಲ ಟೀಚರ್ ಎನ್ನುತ್ತಿದ್ದರು. ನಮ್ಮ ಕಡೆಯ ನಾಲ್ಕೈದು ಹುಡುಗಿಯರಿಗೆ ಮಾತ್ರ ಅವರು ಅಕ್ಕೋರು. ಬೆಳಗಾವಿ, ಧಾರವಾಡದ ಕಡೆ ಪಾಠ ಹೇಳುವ ಹೆಣ್ಣುಮಕ್ಕಳನ್ನು ಹಾಗೆಯೇ ಕರೆಯುವುದು. ಅವರೂ ಧಾರವಾಡದವರೇ. ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತೆಂದು ಗೋವಾಕ್ಕೆ ಬಂದು ಇಲ್ಲೇ ಉಳಿದವರು. ಕೊಂಕಣಿಯನ್ನು ನೀರು ಕುಡಿದಂತೆ ಮಾತಾಡುತ್ತಿದ್ದರು. ನಮ್ಮೊಡನೆ ಮಾತಾಡುವುದು ಬಿಟ್ಟರೆ, ಸಿಟ್ಟು ಬಂದಾಗ ಮಾತ್ರ ಕನ್ನಡ. ಹೀಗಾಗಿ ಅವರ ಬೈಗುಳ ಪೂರ್ತಿ ತಿಳಿಯುವ ಭಾಗ್ಯ ನಮ್ಮ ನಾಲ್ಕೈದು ಜನರದ್ದೇ.

ಗಿಡ್ಡ ಆಳು, ನೂಲಿನ ಸೀರೆ, ಗಂಡಸರು ಹಾಕುವ ರಬ್ಬರ್ ಬೂಟು. ಕೈಯಲ್ಲಿ ಯಾವಾಗಲೂ ಒಂದು ಹಳೆಯ ಛತ್ರಿ. ಛತ್ರಿ ಅಂದರೆ ಅದರ ಕೋಲು ಮಾತ್ರ. ಬಟ್ಟೆ, ಕಡ್ಡಿ ಎಲ್ಲ ಕಿತ್ತು ಹಾಕಿ, ಕೋಲಿನ ಮೇಲೆ ಬಿಳಿ ಬಣ್ಣದಿಂದ ಗೆರೆ ಹೊಡೆದಿದ್ದರು. ಅದನ್ನು ಹಳ್ಳದಲ್ಲಿ ಇಳಿಬಿಟ್ಟು ನೀರಿನ ಆಳ ಅಳೆಯುವುದು. ಮಳೆಗಾಲದಲ್ಲಿ ಊರಿನ ಮಂದಿಯೆಲ್ಲ ಛತ್ರಿಯ ಕೆಳಗೆ ತೊಯ್ಯದೆ ಹೋಗುತ್ತಿದ್ದರೆ ಇವರು ಛತ್ರಿ ಹಿಡಿದೇ ತೊಯ್ದು ತಪ್ಪಡಿಯಾಗುತ್ತಿದ್ದರು. ಊರ ಸುತ್ತಲಿನ ಕಬ್ಬಿಣದ ಗಣಿಗಳ ಕೆಂಪು ಮಣ್ಣು ಹಳ್ಳಕ್ಕೆ ಇಳಿಯುವ ದಿನಗಳಲ್ಲಿ ಅವರ ಸೀರೆಯ ಅಂಚು ಮೊಣಕಾಲಿನವರೆಗೆ ಕೆಂಪು. ಮದುವೆಗೆ ಕರೆದರೂ ಅದೇ ಸೀರೆಯಲ್ಲಿ ಬರುತ್ತಿದ್ದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹುಡುಗಿಯರೆಲ್ಲ ಹಳ್ಳದ ಸೇತುವೆಯ ಬಳಿ ಸೇರಬೇಕು. ಮೊದಲ ಒಂದು ತಾಸು ಹಳ್ಳದ ದಂಡೆಯ ಪ್ಲಾಸ್ಟಿಕ್ಕು, ಗಾಜು, ಹರಕು ಚಪ್ಪಲಿ ಆರಿಸಿ ಚೀಲ ತುಂಬುವುದು. ಆಮೇಲೆ ಹಳ್ಳದ ನೀರು, ಓಣಿಗಳ ಬಾವಿಗಳ ನೀರು ಬಾಟಲಿಗೆ ಹಿಡಿದು ಶಾಲೆಗೆ ಒಯ್ದು ಪರೀಕ್ಷೆ ಮಾಡುವುದು. ಇದಕ್ಕೆ ಅವರು ಇಟ್ಟ ಹೆಸರು ಸೇವೆ. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ.

"ಸೈನ್ಸ್ ಕಲಿಸ್ತೇನಿ, ಭಾನುವಾರ ಹುಡುಗ್ಯಾರನ್ನ ಕಳಸ್ರಿ ಅಂದ್ರ ನಿಮ್ಮ ಮನ್ಯಾಗ ಯಾರೂ ಕಳಸಂಗಿಲ್ಲ. ಸೇವಾ ಅಂದ್ರ ಉಪ್ಪಿಟ್ಟು ಕಟ್ಟಿ ಕಳಸ್ತಾರ" ಎಂದರು.

ಸುಳ್ಳಲ್ಲ. ನನ್ನ ಅವ್ವ ಉಪ್ಪಿಟ್ಟು ಕಟ್ಟಿಯೇ ಕಳಿಸುತ್ತಿದ್ದಳು.

ಹೊಗಳುವುದು ಅವರಿಗೆ ಗೊತ್ತಿರಲಿಲ್ಲ. ಬೆರಳುದ್ದದ ಸೀಮೆಸುಣ್ಣವನ್ನೂ ಉಗುರಿನಷ್ಟಾಗುವ ತನಕ ಬಿಡುತ್ತಿರಲಿಲ್ಲ. ಚಷ್ಮಾವನ್ನು ತಲೆಯ ಮೇಲಿಟ್ಟುಕೊಂಡೇ, ಅದು ಕಳೆಯಿತೆಂದು ನಮ್ಮ ಚೀಲ ತಪಾಸಣೆ ಮಾಡಿದ್ದುಂಟು. ಹುಟ್ಟಿನಿಂದ ಮೀನು ಮುಟ್ಟದ ಮನೆತನ ಅವರದು. ಆದರೂ ನಮ್ಮನ್ನು ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಮೂಗಿಗೆ ಸೆರಗು ಹಿಡಿದು, ಬಾಂಗಡೆಯ ಕಿವಿರು ಎತ್ತಿ ತೋರಿಸಿ, ಅದು ನೀರಿನಲ್ಲಿ ಉಸಿರಾಡುವುದು ಹೇಗೆಂದು ಅರ್ಧ ತಾಸು ಪಾಠ ಮಾಡಿದರು. ಮೀನು ಮಾರುವ ಹೆಂಗಸೊಬ್ಬಳು ಕೊಳ್ಳುವುದಿದ್ದರೆ ಕೊಳ್ಳು, ಇಲ್ಲದಿದ್ದರೆ ದಾರಿ ಬಿಡು ಎಂದು ಕೊಂಕಣಿಯಲ್ಲಿ ಗದರಿದಳು. ಅಕ್ಕೋರು ಅವಳನ್ನೇ ಕೂರಿಸಿಕೊಂಡು, ಮೀನು ತಾಜಾ ಎಂದು ಹೇಗೆ ತಿಳಿಯುತ್ತೀ ಎಂದು ಕೇಳಿ, ಅವಳು ಹೇಳಿದ್ದನ್ನೆಲ್ಲ ನಮ್ಮ ಕೈಯಲ್ಲಿ ಬರೆಸಿದರು. ಮುಂದಿನ ವಾರದಿಂದ ಆಕೆ ನಮಗಾಗಿ ಕಿವಿರು ಚೆನ್ನಾಗಿರುವ ಮೀನು ಎತ್ತಿಡತೊಡಗಿದಳು.

ಅವರ ಎದುರು ಆಡಬಾರದ ಮಾತು ಒಂದೇ, 'ಅಂತಾರ.' ಹಳ್ಳದ ನೀರು ಕುಡಿದರೆ ಹಲ್ಲು ಕೆಂಪಾಗುತ್ತವೆ ಅಂತಾರ್ರಿ ಎಂದು ಯಾರಾದರೂ ಅಂದರೆ ಸಾಕು, ಛತ್ರಿಯ ಕೋಲು ನೆಲಕ್ಕೆ ಕುಟ್ಟುತ್ತಿದ್ದರು.

"ಅಂತಾರ ಅನಬ್ಯಾಡ. ನೋಡೇನಿ ಅನ್ನು. ನೋಡಿಲ್ಲಂದ್ರ ನೋಡಿಲ್ಲ ಅನ್ನು. ಅದಕ್ಕೇನೂ ನಾಚಿಕಿ ಇಲ್ಲ."

ಇನ್ನೊಂದು ಕಟ್ಟಳೆ ವಹಿಯದು. ಪ್ರತಿ ವಾರದ ಪರೀಕ್ಷೆಯ ಫಲಿತ ಅದರಲ್ಲಿ ಬರೆಯಬೇಕು. ತಪ್ಪಾದರೆ ಗೀಚಿ ಕಪ್ಪು ಮಾಡುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆದು, ಕೆಳಗಿನದು ಓದಲು ಬರುವ ಹಾಗೆ ಬಿಟ್ಟು, ಪಕ್ಕದಲ್ಲಿ ತಪ್ಪು ಮಾಡಿದವರು ಹೆಸರು ಬರೆಯಬೇಕು.

ಇನ್ನು ನನ್ನ ಪುಟಕ್ಕೆ ಬರುತ್ತೇನೆ.

ನಮ್ಮದು ಬೆಳಗಾವಿಯಿಂದ ಬಂದ ಬಟ್ಟೆ ಅಂಗಡಿಯವರ ಮನೆ. ಅಂಗಡಿ ಕೆಳಗೆ, ಮನೆ ಮೇಲೆ. ಹತ್ತನೆಯದು ಮುಗಿಯುತ್ತಲೇ ನಾನು ಕಾಮರ್ಸ್ ಓದಿ ಅಪ್ಪನ ಗಲ್ಲಾದ ಪಕ್ಕ ಕೂರಬೇಕೆಂದು ನಿಶ್ಚಯವಾಗಿತ್ತು. ನನಗೆ ಸೈನ್ಸ್ ಬೇಕಾಗಿತ್ತು. ಯಾಕೆ ಬೇಕೆಂದು ಕೇಳಿದರೆ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ. ಟೆಸ್ಟ್ ಟ್ಯೂಬಿನಲ್ಲಿ ನೀರು ಬಣ್ಣ ತಿರುಗುವುದನ್ನು ನೋಡುವಾಗ ಊಟದ ನೆನಪಾಗುತ್ತಿರಲಿಲ್ಲ, ಅಷ್ಟೇ. ಅಕ್ಕೋರು ಒಂದು ಸಂಜೆ ಅಂಗಡಿಗೇ ಬಂದು ಅಪ್ಪನ ಮುಂದೆ ಕೂತರು. ಅಪ್ಪ ಚಹಾ ತರಿಸಿ, ಬಹಳ ಹೊತ್ತು ಬಟ್ಟೆಯ ಥಾನು ಸುತ್ತುತ್ತ ಇದ್ದು ಕೊನೆಗೆ ಹೇಳಿದ:

"ನೋಡೂಣ್ರಿ ಅಕ್ಕೋರ. ಆದ್ರ ಒಂದು ಮಾತು. ಇಕಿ ಈ ಬಾಟಲಿ ಹಿಡಕೊಂಡು ಓಣಿ ಓಣಿ ಅಡ್ಡಾಡೂದರಿಂದ ಯಾರರ ನನ್ನ ಅಂಗಡಿ ಮೆಟ್ಟಲಾ ಹತ್ತಿ ತಕರಾರು ತಂದ್ರ, ಸೈನ್ಸಿನ ಮಾತು ಅಲ್ಲಿಗಿ ಮುಗೀತು."

"ನ್ಯಾಯದ ಮಾತ್ರಿ" ಎಂದು ಅಕ್ಕೋರು ಎದ್ದರು. ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ.

ಆ ವರ್ಷ ಒಂದು ಶನಿವಾರ ಶಾಲೆಯ ನಳದಲ್ಲಿ ನೀರು ಬರಲಿಲ್ಲ. ಯಾವಾಗಲೂ ಶಾಲೆಯಲ್ಲೇ ಅಕ್ಕೋರ ಕೈಯಿಂದ ತೊಳೆಸಿಕೊಳ್ಳುತ್ತಿದ್ದ ಬಾಟಲಿಗಳನ್ನು ಅವತ್ತು ಒಬ್ಬೊಬ್ಬರಿಗೆ ಒಂದರಂತೆ ಕೊಟ್ಟು, ಮನೆಯಲ್ಲಿ ತೊಳೆದುಕೊಂಡು ಬರಲು ಹೇಳಿದರು. ಔಷಧಿ ಅಂಗಡಿಯ ಕಂದು ಗಾಜಿನ ಬಾಟಲಿಗಳು, ಒಳಗೆ ಏನಿದೆಯೆಂದು ಹೊರಗೆ ಕಾಣದು. ನನ್ನದನ್ನು ಅವ್ವನೇ ಇಸಕೊಂಡು ತೊಳೆದು, ಮುಚ್ಚಳ ಬಿಗಿದು ಕೊಟ್ಟಳು. ಭಾನುವಾರ ನಾನು ನಮ್ಮ ಓಣಿಯ ಬಾವಿಯ ನೀರು ಅದಕ್ಕೆ ತುಂಬಿಕೊಂಡು ಹೋದೆ.

ಪರೀಕ್ಷೆ ಸರಳ. ನೀರಿಗೆ ಪರಮ್ಯಾಂಗನೇಟಿನ ಎರಡು ಹನಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ನೀರು ಚೊಕ್ಕವಿದ್ದರೆ ಬಣ್ಣ ನಿಲ್ಲುತ್ತದೆ. ಕೊಳೆತದ್ದೇನಾದರೂ ಕಲೆತಿದ್ದರೆ ಬಣ್ಣ ಹೋಗಿ ನೀರು ಕಂದಾಗುತ್ತದೆ. ಉಳಿದ ಐದು ಬಾವಿಗಳ ನೀರು ಗುಲಾಬಿಯಾಗಿಯೇ ಉಳಿಯಿತು. ನನ್ನದು ಅರ್ಧ ತಾಸಿನಲ್ಲಿ ಚಹಾದ ಬಣ್ಣಕ್ಕೆ ತಿರುಗಿತು. ಅಕ್ಕೋರು ಅದೇ ಬಾಟಲಿಯ ನೀರು ತೆಗೆದು ಇನ್ನೊಮ್ಮೆ ಹಾಕಿದರು. ಮತ್ತೆ ಕಂದು. ಕೆಟ್ಟ ನೀರಿನ ಬಾವಿಗೆ ಕೆಂಪು ಬಟ್ಟೆ ಕಟ್ಟುವುದು ನಮ್ಮ ಪದ್ಧತಿ. ಬಟ್ಟೆ ನಮ್ಮ ಅಂಗಡಿಯದ್ದೇ. ನಾನೇ ಕೈಯಾರೆ ರಾಟೆಗೆ ಕಟ್ಟಿ, ಮನೆ ಮನೆಗೆ ಹೋಗಿ ನೀರು ಸೇದಬೇಡಿ ಎಂದು ಹೇಳಿ ಬಂದೆ. ಅವತ್ತು ನನ್ನ ನಡಿಗೆಯೇ ಬೇರೆ ಇತ್ತು.

ಬಾವಿಯ ಪಕ್ಕದ ಒಂದು ಕೋಣೆಯ ಬಾಡಿಗೆ ಖೋಲಿಯಲ್ಲಿ ಯಲ್ಲವ್ವ ಎಂಬಾಕೆ ಇದ್ದಳು. ವಿಜಯಪುರದ ಕಡೆಯವಳು, ಗಂಡ ಗಣಿಯ ಲಾರಿಗಳ ಮೇಲೆ ದುಡಿಯುವವನು. ಬಾವಿ ಕೆಟ್ಟಿತು ಎಂದ ಕೂಡಲೇ ಓಣಿಯವರ ಕಣ್ಣು ಆಕೆಯ ಬಚ್ಚಲಿನ ಮೇಲೆ ಬಿತ್ತು. ಹೊರಗಿಂದ ಬಂದ ಮಂದಿಯದೇ ಈ ಹೊಲಸು ಎಂದರು. ನಾವೂ ಹೊರಗಿನಿಂದ ಬಂದವರೇ. ಆದರೆ ಅಂಗಡಿ ಇದ್ದವರಿಗೆ ಯಾರೂ ಹಾಗೆ ಅನ್ನುವುದಿಲ್ಲ. ಖೋಲಿಯ ಮಾಲಕ ಬಂದು, ಈ ತಿಂಗಳು ಮುಗಿಯುವುದರೊಳಗೆ ಬೇರೆ ಕಡೆ ನೋಡಿಕೊಳ್ಳಲು ಆಕೆಗೆ ಹೇಳಿಹೋದ.

ಬುಧವಾರ ಅವ್ವ ದೂರದ ನಳದಿಂದ ನಾಲ್ಕನೆಯ ಕೊಡ ಹೊತ್ತು ಮೆಟ್ಟಿಲು ಹತ್ತಿ ಬಂದು ಉಸ್ಸೆಂದು ಕೂತಳು.

"ನಿಮ್ಮ ಅಕ್ಕೋರು ಏನ ಅನ್ಲಿ, ಬಾವಿ ನೀರು ಹ್ವಾದ ವಾರದ ತನಕ ಚಲೋ ಇತ್ತು ನೋಡು" ಎಂದಳು.

"ಬಾಟಲಿ ಚಲೋ ತೊಳದಿದ್ದಿಲ್ಲವ್ವಾ?" ಎಂದು ಸುಮ್ಮನೆ ಕೇಳಿದೆ.

"ಬೂದಿ ಹಚ್ಚಿ ತಿಕ್ಕಿ ತೊಳದೇನಿ. ಮತ್ತ ಅಕ್ಕೋರ ಸಾಮಾನು, ಖಾಲಿ ಹೆಂಗ ಕಳಸೂದು? ಒಂದು ಚೂರು ಬೆಲ್ಲಾನೂ ಹಾಕಿದ್ದೆ."

ನಮ್ಮಲ್ಲಿ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂತಿರುಗಿಸುವುದಿಲ್ಲ. ನೆರೆಮನೆಯವರ ಡಬ್ಬಿಯಲ್ಲಿ ಏನೂ ಇಲ್ಲವೆಂದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುವುದು. ಅವ್ವ ಆ ಮರ್ಯಾದೆಯನ್ನು ಪ್ರಯೋಗಾಲಯದ ಬಾಟಲಿಗೂ ಸಲ್ಲಿಸಿದ್ದಳು. ಬೆಲ್ಲ ನೀರಿನಲ್ಲಿ ಕರಗಿತ್ತು, ಪರಮ್ಯಾಂಗನೇಟಿನ ಬಣ್ಣ ತೆಗೆದದ್ದು ಅದೇ ಬೆಲ್ಲ. ಬಾವಿಗೆ ಏನೂ ಆಗಿರಲಿಲ್ಲ.

ಹೇಳಿದರೆ ಓಣಿಗೆ ಓಣಿಯೇ ಅಂಗಡಿಯ ಮೆಟ್ಟಿಲು ಹತ್ತುತ್ತದೆ, ಸೈನ್ಸು ಅಲ್ಲಿಗೆ ಮುಗಿಯುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಭಾನುವಾರ ಬೇರೆ ಬಾಟಲಿಯಲ್ಲಿ ನೀರು ಹಿಡಿದು, ಬಾವಿ ಸುಧಾರಿಸಿತು ಎಂದುಬಿಟ್ಟರೆ ಆಯಿತು. ಈ ಯುಕ್ತಿ ಹೊಳೆದ ಮೇಲೆ ಎರಡು ದಿನ ಬಾಯಿ ಬಿಡಲಿಲ್ಲ. ಆ ಎರಡು ದಿನದ ಊಟ ನನಗೆ ಮೈಗೆ ಹತ್ತಲಿಲ್ಲ ಎಂದರೆ ಈಗ ಯಾರಾದರೂ ನಂಬುತ್ತಾರೋ ಇಲ್ಲವೋ.

ಶುಕ್ರವಾರ ಸಂಜೆ ಶಾಲೆಯಿಂದ ಬರುವಾಗ ಯಲ್ಲವ್ವ ಖೋಲಿಯ ಬಾಗಿಲಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತ ಕೂತಿದ್ದಳು. ನನ್ನನ್ನು ಕರೆದಳು.

"ತಂಗಿ, ನೀ ಓದಿದಾಕಿ. ಖರೇ ಹೇಳು. ನಮ್ಮ ಬಚ್ಚಲ ನೀರು ಬಾವಿಗಿ ಇಳದೈತೇನು? ನಾ ದಿನಾ ಅದs ನೀರು ನನ್ನ ಮಕ್ಕಳಿಗಿ ಕುಡಿಸೇನಲ್ಲ, ಅದಕ್ಕ ಕೇಳಾಕತ್ತೇನಿ."

ಖೋಲಿ ಹೋದ ಚಿಂತೆ ಅಲ್ಲ, ಮಕ್ಕಳಿಗೆ ತಾನೇ ಕೆಟ್ಟ ನೀರು ಕುಡಿಸಿದೆನೇನೋ ಎಂಬ ಚಿಂತೆ ಆಕೆಯದು. ನಾನು ಅಲ್ಲಿಂದಲೇ ಚೀಲ ಸಮೇತ ಅಕ್ಕೋರ ಮನೆಗೆ ಓಡಿದೆ.

ಅವರು ಚಪಾತಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ನಿಂತೇ ತಿನ್ನುತ್ತಿದ್ದರು. ನಾನು ಅಳುತ್ತ ಹೇಳಿದ್ದನ್ನೆಲ್ಲ ಕೇಳಿದರು.

"ಬೆಲ್ಲಾನ?" ಎಂದರು. ಆಮೇಲೆ ನಕ್ಕರು. ನೆತ್ತಿಗೇರಿ ಕೆಮ್ಮು ಬರುವವರೆಗೆ ನಕ್ಕರು. ನೀರು ಕುಡಿದು, ಚಷ್ಮಾ ತೆಗೆದು ಒರೆಸಿಕೊಂಡು ಕೇಳಿದರು:

"ಇದು ನಿನಗ ಗೊತ್ತಾಗಿ ಎಷ್ಟ ದಿವಸ ಆತು?"

"ಎರಡು ದಿನ್ರಿ."

"ಬೆಲ್ಲ ಹಾಕಿದ್ದು ತಪ್ಪಲ್ಲ. ಅದು ನಿಮ್ಮವ್ವನ ಚಲೋತನ. ಈ ಎರಡು ದಿವಸ ಅದಾವಲ್ಲ, ಇವು ತಪ್ಪು."

ಮರುದಿನ ಬೆಳಿಗ್ಗೆಯೇ ಮೂರು ಹೊಸ ಬಾಟಲಿ, ಟೆಸ್ಟ್ ಟ್ಯೂಬಿನ ಕಟ್ಟಿಗೆಯ ಸ್ಟ್ಯಾಂಡು ಹಿಡಿದು ಬಾವಿಕಟ್ಟೆಗೆ ಬಂದರು. ಓಣಿಯ ಹೆಂಗಸರನ್ನೆಲ್ಲ ಕರೆಸಿದರು. ಗದ್ದಲ ಕೇಳಿ ಅಪ್ಪನೂ ಅಂಗಡಿಯಿಂದ ಇಳಿದು ಬಂದು ಹಿಂದೆ ನಿಂತ. ಪ್ರತಿ ಬಾಟಲಿಯನ್ನೂ ಬಾವಿಯ ನೀರಿನಿಂದಲೇ ಮೂರು ಸಲ ಗಲಬರಿಸಿ, ಅಂದರೆ ಕುಲುಕಿ ತೊಳೆದು ಚೆಲ್ಲಿ, ನಾಲ್ಕನೆಯ ಸಲ ತುಂಬಿದ್ದನ್ನು ಪರೀಕ್ಷೆಗೆ ತೆಗೆದುಕೊಂಡರು. ಹನಿ ಹಾಕಿದರು. ಮೂರೂ ಗುಲಾಬಿಯಾದವು. ಇನ್ನು ಕಾಯಬೇಕು. ಕಾಯುವ ಹೊತ್ತಿನಲ್ಲಿ ಅಕ್ಕೋರು ನನ್ನ ಕಡೆ ನೋಡಿದರು. ಮಾತಾಡಬೇಕಾದವಳು ನಾನು.

ಕಟ್ಟೆ ಹತ್ತಿ ಹೇಳಿದೆ. ಕನ್ನಡದಲ್ಲಿ ಒಮ್ಮೆ, ಕೊಂಕಣಿಯಲ್ಲಿ ಒಮ್ಮೆ. ಬೆಲ್ಲದ ಮಾತು, ಎರಡು ದಿನದ ಮಾತು ಎರಡನ್ನೂ ಹೇಳಿದೆ. ಮುಂದಿದ್ದ ಮುದುಕಿಯೊಬ್ಬಳು ವಾರವಿಡೀ ತಾನು ಹೊತ್ತ ಕೊಡಗಳನ್ನು ನೆನೆದು ಬೈದಳು. ಕೆಲವರು ನಕ್ಕರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಯಲ್ಲವ್ವ ಮಾತ್ರ ಸ್ಟ್ಯಾಂಡಿನ ಎದುರಿಗೇ ಕುಕ್ಕರಗಾಲಿನಲ್ಲಿ ಕೂತು ಟ್ಯೂಬುಗಳನ್ನು ನೋಡುತ್ತಿದ್ದಳು. ಅರ್ಧ ತಾಸಾಯಿತು. ಮುಕ್ಕಾಲು ತಾಸಾಯಿತು. ಬಣ್ಣ ಹೋಗಲಿಲ್ಲ. ಆಕೆ ಎದ್ದು ರಾಟೆಯ ಕೆಂಪು ಬಟ್ಟೆ ಬಿಚ್ಚಿ ನನ್ನ ಕೈಗೆ ಕೊಟ್ಟು, ಎಲ್ಲರಿಗಿಂತ ಮೊದಲು ಒಂದು ಕೊಡ ಸೇದಿ ಒಯ್ದಳು. ಖೋಲಿಯ ಮಾಲಕ ಆಮೇಲೆ ಆ ಮಾತು ಎತ್ತಲಿಲ್ಲ.

ನಾನು ತಲೆ ತಗ್ಗಿಸಿ ಅಪ್ಪನ ಮುಂದೆ ನಿಂತೆ. ಅಪ್ಪ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ನೀಟಾಗಿ ಮಡಚಿ, ಅಕ್ಕೋರ ಕಡೆ ತಿರುಗಿದ.

"ಹಿಂದಕ ನಮ್ಮ ಗಜಕಡ್ಡಿ ತುದಿ ಒಂದು ಬೆರಳು ಸವದಿತ್ರಿ ಅಕ್ಕೋರ. ಅಳತಿ ಕಡಿಮಿ ಬೀಳಾಕತ್ತಿತ್ತು. ಗೊತ್ತಾದ ಮ್ಯಾಲೆ ಗಿರಾಕಿ ಮನಿಗಿ ಹೋಗಿ ಹೇಳಾಕ ನನಗ ನಾಕು ದಿವಸ ಬೇಕಾತು. ಇಕಿಗಿ ಎರಡ ಸಾಕಾದುವು." ಬಟ್ಟೆಯನ್ನು ಬಗಲಿಗಿಟ್ಟುಕೊಂಡು, "ಸೈನ್ಸಿಗೇ ಹೆಸರು ಹಚ್ಚಿಸ್ರಿ" ಎಂದ.

ಅವತ್ತಿನ ಆ ಹಗುರ ನನಗೆ ಈಗಲೂ ನೆನಪಿದೆ. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ.

ಸೋಮವಾರ ವಹಿ ತೆಗೆಸಿದರು. ತಪ್ಪು ಫಲಿತದ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೆಸರು ಬರೆದೆ. ಅಕ್ಷರ ಸೊಟ್ಟಗಾದವು. ವಹಿ ಅವರ ಕೈಗೆ ಕೊಟ್ಟು ತಿರುಗಿ ನೋಡದೆ ಹೊರಗೆ ಬಂದೆ. ಆಮೇಲೆ ಆ ವಹಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಆ ಜಾಗ ಬಂದಾಗ ಮಾತ್ರ ಎರಡು ಹಾಳೆ ಒಟ್ಟಿಗೇ ತಿರುವುತ್ತಿದ್ದೆ.

ಈಗ ನಾನು ನೀರಿನ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಕೈಕೆಳಗೆ ಬರುವ ಹೊಸಬರಿಗೆ ಮೊದಲು ಹೇಳುವುದು ಬಾಟಲಿ ಮೂರು ಸಲ ಗಲಬರಿಸಿರಿ ಎಂದು. ಇಷ್ಟಾದರೂ ಅಕ್ಕೋರು ಫೋನು ಮಾಡಿದರೆ "ಗಲಬರಿಸೀಯಿಲ್ಲೊ?" ಎಂದೇ ಮಾತು ಸುರುಮಾಡುತ್ತಾರೆ.

ಬೀಳ್ಕೊಡುಗೆಯ ದಿನ ಹೋದೆ. ಭಾಷಣಗಳು ಮುಗಿದು, ಎಲ್ಲರೂ ಸಮೋಸಾದ ತಟ್ಟೆ ಹಿಡಿದು ನಿಂತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. ನಮ್ಮ ಕಡೆಯವಳೇ. ಬಗಲಲ್ಲಿ ಆ ವಹಿ.

"ನೀವು ಆ ಬೆಲ್ಲದ ಬಾಟಲಿ ಅಕ್ಕಾರಲ್ರಿ?"

ಸಿಟ್ಟನ್ನು ಸಮೋಸಾದ ಜೊತೆ ನುಂಗಿಕೊಂಡು ಹೌದೆಂದೆ.

"ಇನ್ನ ಮ್ಯಾಲೆ ಈ ವಹಿ ನಾವು ನಡಸ್ತೇವ್ರಿ. ಮುಂದಿನ ವರ್ಷ ಹೊಸಾ ಹುಡುಗ್ಯಾರಿಗಿ ಆ ಪುಟ ನಾನs ತೋರಸೂದೈತ್ರಿ. ನಮ್ಮ ಅಕ್ಕೋರು ಮಾಡಿದ ತಪ್ಪಿನ ಪುಟ."

"ಯಾರು ಮಾಡಿದ್ದು?"

ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿ, ವಹಿ ತೆರೆದು ಕೊಟ್ಟಳು. ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಆ ಪುಟ ನೋಡಿದೆ. ನನ್ನ ಸೊಟ್ಟ ಅಕ್ಷರದ ಹೆಸರು ಪಕ್ಕದಲ್ಲಿತ್ತು. ಅದರ ಮೇಲೆ, ಗೆರೆಗೆ ತಾಗಿದಂತೆ, ಅಕ್ಕೋರ ಗುಂಡು ಅಕ್ಷರದ ಎರಡು ಸಾಲು ಇದ್ದವು. 'ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಬೇಕೆಂದು ಹುಡುಗಿಗೆ ನಾನು ಹೇಳಿಕೊಟ್ಟಿರಲಿಲ್ಲ. ಎರಡು ಸಲ ಪರೀಕ್ಷಿಸಿದ್ದೂ ಒಂದೇ ಬಾಟಲಿಯ ನೀರು, ಆದ್ದರಿಂದ ಮೊದಲ ತಪ್ಪು ನನ್ನದು.' ಕೆಳಗೆ ಅವರ ಹೆಸರು, ಪೂರ್ತಿಯಾಗಿ. ತಾರೀಖು ಅದೇ ಸೋಮವಾರದ್ದು.

"ಪ್ರತಿ ವರ್ಷಾ ಇದನ್ನs ತೋರಿಸಿ, ನನ್ನ ಹಂಗ ಮಾಡಬ್ಯಾಡ್ರಿ ಅಂತಿದ್ರು ಅಕ್ಕೋರು. ನಿಮ್ಮ ಹೆಸರು ಬೆಲ್ಲದ ಮಾತು ಬಂದಾಗ ಅಷ್ಟ ಬರ್ತೈತ್ರಿ. ನಗೂದು ಅದಕ್ಕರಿ" ಎಂದಳು ಹುಡುಗಿ.

ನನಗೆ ನಗುವೂ ಬಂತು, ಕಣ್ಣೂ ತುಂಬಿದವು. ಅಕ್ಕೋರು ಹಾರ ಹಾಕಿಕೊಂಡೇ, ಛತ್ರಿಯ ಕೋಲು ಊರಿಕೊಂಡು ಬಂದರು. ನನ್ನ ಕೈಯಲ್ಲಿದ್ದ ಪುಟ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು.

"ಇಷ್ಟ ವರ್ಷ ತಗದು ನೋಡಿದ್ದೆ ಇಲ್ಲೇನು? ನಿನ್ನ ತಪ್ಪು ತೋರಸ್ತಾರ ಅಂತಾರ, ಅಂತಾರ ಅಂತ ನಂಬಕೊಂಡು ಕೂತಿದ್ದೇನು?"

ಕೋಲು ನೆಲಕ್ಕೆ ಒಮ್ಮೆ ಕುಟ್ಟಿತು.

"ಈಗ ನೋಡೇನ್ರಿ ಅಕ್ಕೋರ" ಎಂದೆ.